ಕುದಿಯುವ ಕೆರೆಗೆ ಕೇಬಲ್ ಕಾರ್ ಬೇಕಾ?

ಡೊಮಿನಿಕಾ ಬೇರೆ, ಡೊಮಿನಿಕನ್ ರಿಪಬ್ಲಿಕ್ ಬೇರೆ. ಡೊಮಿನಿಕಾ ಕೆರಿಬಿಯನ್ ಸಮುದ್ರದ ಪೂರ್ವ ಅಂಚಿನ ಪುಟ್ಟ ದ್ವೀಪ. ಹೆಚ್ಚುಕಡಿಮೆ ಬೆಂಗಳೂರು ನಗರದಷ್ಟು ಜಾಗ, ಸುಮಾರು 70 ಸಾವಿರ ಜನ. ಕ್ರಿಕೆಟ್ ನೋಡುವವರಿಗೆ ಅದರ ರಾಜಧಾನಿ ರೋಸೋ ನೆನಪಿರಬಹುದು. 2011ರಲ್ಲಿ ಅಲ್ಲಿನ ವಿಂಡ್ಸರ್ ಪಾರ್ಕ್‌ನಲ್ಲಿ ನಮ್ಮ ರಾಹುಲ್ ದ್ರಾವಿಡ್ ಟೆಸ್ಟ್ ಆಡಿದ್ದರು. 2023ರಲ್ಲಿ ತಂಡದ ಕೋಚ್ ಆಗಿ ಮತ್ತೆ ಅಲ್ಲಿಗೆ ಹೋದರು. ಆ ಊರಿನ ಹಿಂದೆ ಹಸಿರು ಬೆಟ್ಟಗಳಿವೆಯಲ್ಲ, ಅವುಗಳ ಒಳಗೆ ಒಂದು ಕೆರೆ ಕೊತಕೊತ ಕುದಿಯುತ್ತಿದೆ. ಸುಮಾರು 60 ಮೀಟರ್ ಅಗಲ, ಬೂದು ಮಿಶ್ರಿತ ನೀಲಿ ಬಣ್ಣದ ನೀರು. ಇಂಥ ಬಿಸಿ ಕೆರೆಗಳಲ್ಲಿ ಇದಕ್ಕಿಂತ ದೊಡ್ಡದು ನ್ಯೂಜಿಲೆಂಡಿನಲ್ಲಿ ಮಾತ್ರ ಇದೆ. ರೋಸೋ ಕಣಿವೆಯಿಂದ ಈ ಕೆರೆಯ ಹತ್ತಿರಕ್ಕೆ ಆರು ಕಿ.ಮೀ. ಮೀರಿದ ಕೇಬಲ್ ಕಾರ್ ಹಾಕುವ ಕೆಲಸವನ್ನು ಅಲ್ಲಿನ ಸರ್ಕಾರ ಕೈಗೆತ್ತಿಕೊಂಡಿದೆ. ಅದು ಬೇಕಾ, ಬೇಡ್ವಾ?

ಪರ: ಮಂಡಿ ಗಟ್ಟಿ ಇರುವವರಿಗೆ ಮಾತ್ರವೇ ಕೆರೆ?

ಈಗ ಕೆರೆ ನೋಡಲು ನಡೆದೇ ಹೋಗಬೇಕು. ಲೌಡಾ ಎಂಬ ಹಳ್ಳಿಯ ಹತ್ತಿರ ಟಿಟೂ ಕಮರಿಯಿಂದ ಹೊರಡಬೇಕು. ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ. ಕೆಸರು, ಮರದ ತುಂಡಿನ ಮೆಟ್ಟಿಲು, ಮಳೆ. ಹತ್ತಿದ ಬೆಟ್ಟವನ್ನು ಬರುವಾಗ ಮತ್ತೆ ಹತ್ತಬೇಕು. ಗಟ್ಟಿ ಕಾಲಿನ ಮೂವತ್ತರ ಹುಡುಗರಿಗೆ ಇದು ಸಂತೋಷದ ದಿನ. ಉಳಿದವರ ಕಥೆ ಏನು?

ಹೊರಗಿನಿಂದ ಬರುವವರ ವಿಷಯ ಹಾಗಿರಲಿ. ರೋಸೋದಲ್ಲೇ ಹುಟ್ಟಿ, ಅಲ್ಲೇ ಮಕ್ಕಳನ್ನು ಸಾಕಿ, ಈಗ ಎಪ್ಪತ್ತು ದಾಟಿದ ಅಜ್ಜಿಯನ್ನು ನೆನೆಯಿರಿ. ಗಾಲಿಕುರ್ಚಿಯಲ್ಲಿ ಓಡಾಡುವ ಹುಡುಗನನ್ನು ನೆನೆಯಿರಿ. ಈ ಕೆರೆ ಅವರ ದೇಶದ ಹೆಮ್ಮೆ. ಆದರೆ ಅವರು ಕಂಡಿರುವುದು ಫೋಟೋದಲ್ಲಿ ಮಾತ್ರ. ಬೇರೆ ದೇಶದಿಂದ ವಿಮಾನ ಹತ್ತಿ ಬಂದ ಗಟ್ಟಿ ಕಾಲಿನವನು ಅದರ ದಡದಲ್ಲಿ ನಿಲ್ಲುತ್ತಾನೆ, ಹತ್ತು ಕಿ.ಮೀ. ದೂರದಲ್ಲಿ ಬದುಕಿದ ಅಜ್ಜಿ ನಿಲ್ಲುವುದಿಲ್ಲ. ಇದು ಸರಿ ಅಂತ ನನಗೆ ಅನ್ನಿಸುವುದಿಲ್ಲ.

ಇನ್ನು ದುಡ್ಡಿನ ಮಾತು. ದುಡ್ಡಿನ ಮಾತೆತ್ತಿದರೆ ಪ್ರಕೃತಿಯ ಶತ್ರು ಅಂತ ನೋಡುವವರಿದ್ದಾರೆ. ಆದರೆ ಆ ದೇಶದ ಕಷ್ಟ ಸಣ್ಣದಲ್ಲ. ಮೊದಲು ಅಲ್ಲಿನ ಬದುಕು ನಿಂತಿದ್ದು ಬಾಳೆಯ ಮೇಲೆ. ಇಳಿಜಾರಿನ ತುಂಡು ಜಮೀನಿನಲ್ಲಿ ಬೆಳೆದ ಕಾಯಿ ಹಡಗು ಹತ್ತಿ ಬ್ರಿಟನ್ನಿಗೆ ಹೋಗುತ್ತಿತ್ತು. ಯುರೋಪ್ ಈ ದ್ವೀಪಗಳ ಬಾಳೆಗೆ ಕೊಡುತ್ತಿದ್ದ ರಿಯಾಯಿತಿ ತಪ್ಪೆಂದು 1997ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ತೀರ್ಪು ಕೊಟ್ಟಿತು. ಸಣ್ಣ ರೈತರು ಒಬ್ಬೊಬ್ಬರಾಗಿ ಬಾಳೆ ಬಿಟ್ಟರು. ಆಮೇಲೆ 2017ರ ಸೆಪ್ಟೆಂಬರ್ 18ರ ರಾತ್ರಿ ಮರಿಯಾ ಚಂಡಮಾರುತ ಬಂತು. ಒಂದೇ ರಾತ್ರಿಯಲ್ಲಿ ಆದ ನಷ್ಟ ಇಡೀ ದೇಶದ ವರ್ಷದ ಆದಾಯದ ಎರಡು ಪಟ್ಟಿಗಿಂತ ಜಾಸ್ತಿ. ಕಾರ್ಖಾನೆ ಕಟ್ಟಲು ಸಮತಟ್ಟು ಜಾಗವೂ ಅಲ್ಲಿಲ್ಲ. ಇರುವುದು ಬೆಟ್ಟ, ಕಾಡು, ಹೊಳೆ, ಸಮುದ್ರ. ಅದನ್ನು ತೋರಿಸಿಯೇ ಬದುಕಬೇಕು.

ಬರುವವರಲ್ಲಿ ಬಹಳ ಮಂದಿ ಕ್ರೂಸ್ ಹಡಗಿನವರು. ಬೆಳಿಗ್ಗೆ ಇಳಿದು ಸಂಜೆ ಹೊರಡುತ್ತಾರೆ. ಆರು ಗಂಟೆ ನಡೆಯಲು ಅವರಿಗೆ ಎಲ್ಲಿ ಪುರುಸೊತ್ತು? ಹಾಗಾಗಿ ವ್ಯಾನ್ ಹತ್ತಿ ಟ್ರಫಾಲ್ಗರ್ ಜಲಪಾತ ನೋಡಿ ಹಡಗಿಗೆ ವಾಪಸ್. ಕೇಬಲ್ ಕಾರ್ ಬಂದರೆ ಅವರು ಅರ್ಧ ದಿನ ಇಲ್ಲೇ ಉಳಿಯುತ್ತಾರೆ, ಇಲ್ಲೇ ಖರ್ಚು ಮಾಡುತ್ತಾರೆ.

ಕಾಡು ಹಾಳಾಗುತ್ತದೆ ಎನ್ನುವವರಿಗೆ ಒಂದು ಮಾತು. ರಸ್ತೆ ಮಾಡಿದ್ದರೆ ಬೆಟ್ಟವನ್ನೇ ಸೀಳಬೇಕಿತ್ತು. ತಂತಿ ಮರಗಳ ಮೇಲೆ ಹೋಗುತ್ತದೆ, ನೆಲ ಮುಟ್ಟುವುದು ಕಂಬಗಳು ಮಾತ್ರ. ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ: ಆ ದಾರಿಯ ನಡುವೆ ಕಾಲು ಮುರಿದುಕೊಂಡವರನ್ನು ಇವತ್ತು ಮನುಷ್ಯರೇ ಹೊತ್ತು ತರಬೇಕು. ಮಳೆ ಬಂದರೆ ಇನ್ನೂ ಕಷ್ಟ. ಮೇಲೆ ತಂತಿ ಇದ್ದರೆ ಒಂದು ಜೀವ ಉಳಿಯಬಹುದು.

ವಿರೋಧ: ದಾರಿ ಬೇಡ, ಕೆರೆ ಮಾತ್ರ ಸಾಕು ಅಂದರೆ

ಅಜ್ಜಿಯ ಮಾತು ನನಗೂ ನಾಟಿತು. ಅದಕ್ಕೆ ಬರುತ್ತೇನೆ. ಮೊದಲು ಆ ಆರು ಗಂಟೆಯಲ್ಲಿ ಏನಿದೆ ನೋಡೋಣ, ಯಾಕೆಂದರೆ ಕೇಬಲ್ ಕಾರ್ ತೆಗೆದುಹಾಕುವುದು ಅದನ್ನೇ.

ಹೊರಟು ಒಂದು ಗಂಟೆಯಾಗುವ ಹೊತ್ತಿಗೆ ಬ್ರೇಕ್‌ಫಾಸ್ಟ್ ರಿವರ್ ಎಂಬ ಹೊಳೆ. ಬಾಟಲಿ ತುಂಬಿಸಿಕೊಳ್ಳುವುದು ಇಲ್ಲೇ, ಮುಂದೆ ಸಿಗುವ ನೀರು ಕುಡಿಯುವಂಥದ್ದಲ್ಲ. ಅಲ್ಲಿಂದ ಮಾರ್ನ್ ನಿಕೋಲ್ಸ್ ಬೆಟ್ಟ ಏರಬೇಕು. ಎತ್ತರ ಹೆಚ್ಚಿದಂತೆ ಮರಗಳು ಗಿಡ್ಡವಾಗುತ್ತವೆ, ಪಾಚಿ ಹೆಚ್ಚುತ್ತದೆ, ಮಂಜು ಕವಿಯುತ್ತದೆ. ತುದಿಯಲ್ಲಿ ನಿಂತರೆ ದೂರದಲ್ಲಿ ಬಿಳಿ ಹಬೆ ಕಾಣುತ್ತದೆ. ಆಮೇಲೆ ಕಡಿದಾದ ಇಳಿಜಾರು. ಇಳಿದ ಕೂಡಲೇ ಕಾಡು ನಿಂತುಹೋಗುತ್ತದೆ.

ಆ ಜಾಗವನ್ನು ವ್ಯಾಲಿ ಆಫ್ ಡೆಸೊಲೇಷನ್ ಅನ್ನುತ್ತಾರೆ. ನಾನಾದರೆ ಹಾಳು ಕಣಿವೆ ಅನ್ನುತ್ತೇನೆ. ಹುಲ್ಲು ಪಾಚಿ ಬಿಟ್ಟರೆ ಹೆಚ್ಚೇನೂ ಬೆಳೆಯುವುದಿಲ್ಲ. ನೆಲದ ಬಿರುಕುಗಳಲ್ಲಿ ಹಬೆ ಬುಸುಗುಡುತ್ತದೆ. ಗಂಧಕದ ವಾಸನೆ, ಕೊಳೆತ ಮೊಟ್ಟೆಯ ಹಾಗೆ. ಒಂದು ತೊರೆ ಹಾಲಿನಂತೆ ಬೆಳ್ಳಗೆ, ಇನ್ನೊಂದು ಕಪ್ಪಗೆ, ಕಲ್ಲುಗಳ ಮೇಲೆ ಹಳದಿ. ಗೈಡ್‌ಗಳು ಬಿಸಿನೀರಿನ ಬುಗ್ಗೆಯಲ್ಲಿ ಮೊಟ್ಟೆ ಬೇಯಿಸಿ ಕೊಡುವುದುಂಟು. ಎಲ್ಲಿ ಕಾಲಿಡಬಹುದು, ಎಲ್ಲಿ ನೆಲದ ಪದರ ತೆಳ್ಳಗಿದೆ ಅಂತ ಅವರಿಗೆ ಗೊತ್ತು. ತಪ್ಪಿದರೆ ಕಾಲು ಬೆಂದುಹೋಗುತ್ತದೆ. ಈ ತಿಳಿವಳಿಕೆ ಯಾವ ಬೋರ್ಡಿನಲ್ಲೂ ಬರೆದಿಲ್ಲ, ಹತ್ತಾರು ವರ್ಷ ನಡೆದು ಕಾಲಿಗೆ ಹತ್ತಿದ್ದು. ಟಿಕೆಟ್ ಕೌಂಟರ್ ಬಂದ ಮೇಲೆ ಲೌಡಾದ ಗೈಡನ್ನು ಯಾರು ಕರೆಯುತ್ತಾರೆ? ಇವತ್ತು ಅವನ ಕೈಗೆ ನೇರವಾಗಿ ಬರುವ ದುಡ್ಡು ನಾಳೆ ಮೊದಲು ಕಂಪನಿಗೆ ಹೋಗುತ್ತದೆ.

ಇಷ್ಟೆಲ್ಲ ದಾಟಿದ ಮೇಲೆ ಕೆರೆ. ಆದರೆ ಕೆರೆ ಸುಮ್ನೆ ಕಾಣಿಸಿಕೊಳ್ಳುವುದಿಲ್ಲ. ಎಷ್ಟೋ ಹೊತ್ತು ಹಬೆಯೇ ಹಬೆ. ಗಾಳಿ ಬೀಸಬೇಕು, ಪರದೆ ಸರಿಯಬೇಕು, ಆಗ ನಡುವೆ ನೀರು ಉಕ್ಕುವುದು ಕಾಣುತ್ತದೆ. ನಡೆದು ಬಂದವರು ಕಾಯುತ್ತಾರೆ. ಐದು ಗಂಟೆಗೆ ಹಡಗು ಹೊರಡುತ್ತದೆ ಅನ್ನುವವರು ಕಾಯುತ್ತಾರಾ?

ಇದಕ್ಕಿಂತ ದೊಡ್ಡ ಚಿಂತೆ ಬೇರೆ ಇದೆ. ಈ ಕೆರೆ ನಿಂತ ನೀರಲ್ಲ, ಜೀವಂತ ಜ್ವಾಲಾಮುಖಿಯ ಬಾಯಿ. ಮಳೆನೀರು, ಸಣ್ಣ ತೊರೆಗಳ ನೀರು ಗುಂಡಿಗೆ ಇಳಿಯುತ್ತದೆ. ಆಳದ ಕರಗಿದ ಕಲ್ಲಿನ ಶಾಖ, ಅನಿಲ ಅದನ್ನು ಕುದಿಸುತ್ತವೆ. ದಡದಲ್ಲೇ 80 ಡಿಗ್ರಿ ಮೀರಿದ ಬಿಸಿ. 1880ರಲ್ಲಿ ಈ ಕಣಿವೆ ಸ್ಫೋಟಿಸಿ ರೋಸೋವರೆಗೆ ಬೂದಿ ಬಿತ್ತು. 1997ರಲ್ಲಿ ಮತ್ತೆ ಚಿಕ್ಕದೊಂದು ಸ್ಫೋಟ. 2004ರ ಡಿಸೆಂಬರಿನಲ್ಲಿ ಕೆರೆಯೇ ಬಹುಪಾಲು ಖಾಲಿಯಾಯಿತು, ಮೊದಲಿನ ಸ್ಥಿತಿಗೆ ಬರಲು ತಿಂಗಳುಗಳೇ ಬೇಕಾದವು. ಇವತ್ತು ಹತ್ತು ಹದಿನೈದು ಜನ ಗೈಡ್ ಜೊತೆ ಇದ್ದರೆ, ಏನಾದರೂ ಆದಾಗ ಓಡಬಹುದು. ನೂರಾರು ಜನ ದಡದಲ್ಲಿದ್ದಾಗ ಕಣಿವೆ ಗುಡುಗಿದರೆ? ಎಲ್ಲರೂ ಒಂದೇ ಕ್ಯಾಬಿನ್‌ಗೆ ನುಗ್ಗುತ್ತಾರೆ. ಅಜ್ಜಿಯೂ ಅಲ್ಲಿರುತ್ತಾಳೆ, ನೆನಪಿರಲಿ.

ಕಾಲು ಮುರಿದವರನ್ನು ತಂತಿ ಉಳಿಸುತ್ತದೆ ಅನ್ನುವುದು ನಿಜ, ಒಪ್ಪುತ್ತೇನೆ. ಆದರೆ ಗಂಧಕದ ಹಬೆ ಲೋಹವನ್ನು ತಿನ್ನುತ್ತದೆ. ಮರಿಯಾ ಗಂಟೆಗೆ 250 ಕಿ.ಮೀ. ಮೀರಿದ ಗಾಳಿಯಲ್ಲಿ ಆ ಬೆಟ್ಟಗಳ ಮರಗಳ ಎಲೆಯನ್ನೆಲ್ಲ ಬೋಳಿಸಿಬಿಟ್ಟಿತ್ತು. ಮರ ಚಿಗುರುತ್ತದೆ, ಚಿಗುರಿತು ಕೂಡ. ಕಂಬ ಚಿಗುರುವುದಿಲ್ಲ. ಅದಕ್ಕೆ ಮತ್ತೆ ಸಾಲ ತರಬೇಕು. ಈ ಕಾಡು 1975ರಿಂದ ರಾಷ್ಟ್ರೀಯ ಉದ್ಯಾನ, 1997ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ತಾಣ. ಅದನ್ನು ಕಾಯ್ದುಕೊಂಡಿದ್ದಕ್ಕೇ ಜನ ಬರುತ್ತಿರುವುದು.

ದುಡ್ಡು ಬೇಡ ಅಂತ ನಾನು ಹೇಳುತ್ತಿಲ್ಲ. ಡೊಮಿನಿಕಾ 2011ರಲ್ಲೇ ಒಂದು ದಾರಿ ತೋರಿಸಿದೆ. ವೈಟುಕುಬುಲಿ ಟ್ರೇಲ್, ದ್ವೀಪದ ದಕ್ಷಿಣದಿಂದ ಉತ್ತರಕ್ಕೆ 14 ಭಾಗ, ಒಟ್ಟು ಸುಮಾರು 185 ಕಿ.ಮೀ. ಕಲಿನಾಗೊ ಮೂಲನಿವಾಸಿಗಳು ತಮ್ಮ ದ್ವೀಪಕ್ಕೆ ಇಟ್ಟ ಹೆಸರೇ ವೈಟುಕುಬುಲಿ, ಎತ್ತರದ ಮೈಯವಳು ಅಂತ ಅರ್ಥ. ದಾರಿ ಅವರ ಊರುಗಳ ಮೂಲಕವೂ ಹಾದುಹೋಗುತ್ತದೆ. ಇಲ್ಲಿ ನಡೆಯುವವನು ಹಳ್ಳಿಯಲ್ಲಿ ಮಲಗುತ್ತಾನೆ, ಹಳ್ಳಿಯಲ್ಲಿ ಉಣ್ಣುತ್ತಾನೆ. ಒಂದು ವಾರ ಉಳಿಯುವ ಅಂಥವನು ಅರ್ಧ ದಿನದ ಎಷ್ಟು ಜನರಿಗೆ ಸಮ ಅಂತ ಸರ್ಕಾರ ಲೆಕ್ಕ ಹಾಕಲಿ.

ಈಗ ಅಜ್ಜಿ. ಅದೇ ರೋಸೋ ಕಣಿವೆಯಲ್ಲಿ ವಾಟನ್ ವೇವನ್ ಅಂತ ಊರಿದೆ. ವಾಹನ ಬಾಗಿಲವರೆಗೆ ಹೋಗುತ್ತದೆ. ಅಲ್ಲಿ ಗಂಧಕದ ಬಿಸಿನೀರಿನ ಕೊಳಗಳಿವೆ. ಅದು ಕೆರೆಯಲ್ಲ, ಗೊತ್ತು. ಅಜ್ಜಿಗೆ ಕೆರೆ ಕಾಣಿಸಲಾಗಲಿಲ್ಲ ಅನ್ನುವ ನೋವು ನನಗೂ ಉಳಿಯುತ್ತದೆ. ಆದರೆ ಆ ದಡ ಅವಳನ್ನು ಒಯ್ದು ನಿಲ್ಲಿಸುವ ಜಾಗವಲ್ಲ. ವಾಟನ್ ವೇವನ್‌ನಲ್ಲಿ ಅವಳು ನೀರಿಗೆ ಇಳಿಯಬಹುದು, ಮಂಡಿಗೆ ಬಿಸಿ ತಾಗಿಸಿಕೊಂಡು ಮೊಮ್ಮಕ್ಕಳ ಜೊತೆ ಸಂಜೆವರೆಗೆ ಕೂರಬಹುದು.