19 ಮೀಟರಿಗೆ ಕೊಡೆ ಮಾಯ

ಕಳೆದ ಮಳೆಗಾಲ ಊರಿಗೆ ಬಂದಾಗ ಚಿಕ್ಕಪ್ಪನ ಮನೆ ಜಗಲಿಯಲ್ಲಿ ಒಂದೇ ಮಾತು. ತಿರುವಿನ ಮೇಲಿನ ತೋಟ ಮಾರಿದ್ದಾರೆ, ರೆಸಾರ್ಟ್ ಬರುತ್ತಂತೆ. ನಮ್ಮೂರು ಮಡಿಕೇರಿಯಿಂದ ಸೋಮವಾರಪೇಟೆಗೆ ಹೋಗುವ ದಾರಿಯಲ್ಲಿದೆ. ಇಂಥ ಸುದ್ದಿ ನಮಗೆ ಮೊದಲು ಬರುವುದು ಜೆಸಿಬಿ ಡ್ರೈವರ್ ಬಾಯಿಂದ.

“ಬರೋಕೇ ಬಿಡಬಾರದು” ಅಂದರು ಚಿಕ್ಕಪ್ಪ. ಬರೆ (ರಸ್ತೆ ಬದಿಯ ಕಡಿದಾದ ಮಣ್ಣಿನ ದಿಬ್ಬ) ಕುಸಿಯುತ್ತೆ, ನೀರಿಗೆ ತತ್ವಾರ, ಹೊರಗಿನವರ ಗಲಾಟೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ಕಂಡವರಿಗೆ ಬರೆಯ ಭಯ ಸುಮ್ನೆ ಅಲ್ಲ. ಆದರೆ ‘ಹೊರಗಿನವರು’ ಅಂದಾಗ ನಾನು ಕಾಫಿ ಲೋಟ ನೋಡುತ್ತಾ ಕೂತೆ. ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ನಾನೂ ಹೊರಗಿನವನೇ ಅಲ್ವಾ!

ಅಲ್ಲಿ ಹೊಸ ಮನೆಗಳು ಬರುವುದಾದರೆ ದೀಪದ ಕಂಬಕ್ಕೆ ನೋಟಿಸ್ ಕಟ್ಟುತ್ತಾರೆ. ಸಾಮಾನ್ಯವಾಗಿ 21 ದಿನದೊಳಗೆ ಬರೆದು ತಿಳಿಸಬೇಕು. ಕಿಟಕಿಯಿಂದ ಬೆಟ್ಟ ಕಾಣಲ್ಲ, ಮನೆ ಬೆಲೆ ಇಳಿಯುತ್ತೆ ಅಂದರೆ ಲೆಕ್ಕಕ್ಕಿಲ್ಲ. ರಸ್ತೆ ಅಪಾಯ ಅಂದರೆ ಲೆಕ್ಕಕ್ಕಿದೆ. (ಬೆಟ್ಟದ ಸಂಕಟದವರೂ ರಸ್ತೆ ಹೆಸರಲ್ಲೇ ಬರೆಯುತ್ತಾರೆ, ಆ ಮಾತು ಬೇರೆ.) ನಾನೂ ಒಮ್ಮೆ ಬರೆದಿದ್ದೆ. ಗಂಟೆಗೆ 30 ಮೈಲಿ ಮಿತಿಯ ರಸ್ತೆಗೆ ಹೊಸ ದಾರಿ ಸೇರುವಲ್ಲಿ, ರಸ್ತೆ ಅಂಚಿನಿಂದ 2.4 ಮೀಟರ್ ಹಿಂದೆ ನಿಂತವರಿಗೆ ಎರಡೂ ಕಡೆ 43 ಮೀಟರ್ ಕಾಣಬೇಕು. ಟೇಪ್ ಹಿಡಿದು ಅಳೆದರೆ 30 ಕೂಡ ಕಾಣಲಿಲ್ಲ. ಮನೆ ಬೇಡ ಅನ್ನಲಿಲ್ಲ. ಬೇಲಿ ಹಿಂದೆ ಸರಿಸಿ, ಬಸ್ ಸ್ಟಾಪಿನ ತನಕ ಫುಟ್‌ಪಾತ್ ಕೊಡಿ ಅಂದೆ. ಬೇಲಿ ಸರಿಯಿತು. ಫುಟ್‌ಪಾತ್ ಇವತ್ತಿಗೂ ಅರ್ಧಕ್ಕೇ ನಿಂತಿದೆ.

ಮಾರನೇ ದಿನ ತೋಟದ ಟೇಪ್ ತಗೊಂಡು ಇಬ್ಬರೂ ತಿರುವಿಗೆ ಹೋದೆವು. ನಮ್ಮ ದೇಶದ ರಸ್ತೆಗಳಿಗೆ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಲ್ಲಿ, 40 ಕಿ.ಮೀ. ವೇಗದ ಗಾಡಿ ಅಡ್ಡ ಬಂದದ್ದನ್ನು ಕಂಡು ಬ್ರೇಕ್ ಒತ್ತಿ ನಿಲ್ಲಲು 45 ಮೀಟರ್ ಬೇಕು. ಗೇಟಿಗೆಂದು ಗೂಟ ಹೊಡೆದ ಜಾಗದಲ್ಲಿ ನಾನು ನಿಂತೆ. ಚಿಕ್ಕಪ್ಪ ಕಪ್ಪು ಕೊಡೆ ಹಿಡಿದು ರಸ್ತೆ ಅಂಚಲ್ಲಿ ನಡೆದರು. 19 ಮೀಟರಿಗೆ ಕೊಡೆ ಬರೆಯ ಹಿಂದೆ ಮಾಯ. ಅಷ್ಟರಲ್ಲಿ ಅದೇ ಬರೆಯ ಹಿಂದಿನಿಂದ ನಾಲ್ಕು ಶಾಲೆ ಮಕ್ಕಳು ಬಂದರು, ಡಾಂಬರಿನ ಮೇಲೇ. ಪಕ್ಕದಲ್ಲಿ ತುಂಬಿದ ಚರಂಡಿ, ಅದರಾಚೆ ಹುಲ್ಲಲ್ಲಿ ಜಿಗಣೆ. ಇನ್ನೆಲ್ಲಿ ನಡೆಯುತ್ತಾರೆ? ಲೈನ್ ಮನೆಯ (ತೋಟದ ಕೂಲಿಯವರ ಸಾಲು ಮನೆಯ) ಹೆಂಗಸರೂ ಕೆಲಸ ಬಿಟ್ಟು ಬರುವುದು ಹೀಗೇ. ಶನಿವಾರ, ಭಾನುವಾರ ಬೇರೆ ಊರಿನ ಕಾರುಗಳೂ ಇದೇ ತಿರುವಲ್ಲಿ.

ಚಿಕ್ಕಪ್ಪನ ಅರ್ಜಿಯ ಮೊದಲ ಸಾಲು ‘ರೆಸಾರ್ಟ್ ಬೇಡ’ ಅಂತಿತ್ತು. ಅದನ್ನು ಹೊಡೆಸಿದೆ. ನೀರು, ಬರೆಯ ವಿಷಯಕ್ಕೆ ಬೇರೆಯೇ ಅರ್ಜಿ ಇರಲಿ ಅಂದೆ. ಎಲ್ಲ ಒಂದರಲ್ಲೇ ತುಂಬಿದರೆ ಓದುವವರು ಒಂದನ್ನೂ ಹಿಡಿಯಲ್ಲ. ನೇರ ರಸ್ತೆಯಲ್ಲಿ ಆ ತೋಟದ್ದೇ ಹಳೇ ಲಾರಿ ಗೇಟಿದೆ. ಅದನ್ನೇ ಬಳಸಲಿ, ತಂಗುದಾಣದ ತನಕ ಚರಂಡಿಗೆ ಚಪ್ಪಡಿ ಹಾಕಲಿ. ಇಷ್ಟೇ ಬರೆದೆವು, ಅಳತೆಯ ಸಮೇತ. ಒಂದು ಪ್ರತಿ ಪಂಚಾಯಿತಿಗೆ, ಒಂದು ರಸ್ತೆ ಇಲಾಖೆಗೆ, ಇನ್ನೊಂದು ಭೂ ಪರಿವರ್ತನೆ ಆಗುವ ಡಿಸಿ ಕಚೇರಿಗೆ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಆಗಲೇಬೇಕು. ಅಲ್ಲೂ ಓದಬಹುದು.

ಒಂದು ವಿಷಯದಲ್ಲಿ ನಮ್ಮೂರೇ ಮೇಲು. ಇಂಗ್ಲೆಂಡಿನಲ್ಲಿ ಮನೆ ಕಟ್ಟಿಸಿದವರ ಮುಖ ನಾನು ನೋಡೇ ಇಲ್ಲ. ಚಿಕ್ಕಪ್ಪ ಫೋನ್ ಮಾಡಿ ಮಾಲೀಕರನ್ನು ಕಾಫಿಗೆ ಕರೆದರು. ತಿರುವಿಗೂ ಕರೆದುಕೊಂಡು ಹೋದರು, ಅದೇ ಕೊಡೆ ಹಿಡಿದು.

ಸೀಲು ಬಿದ್ದ ಪ್ರತಿಯ ಫೋಟೋ ವಾಟ್ಸಾಪಿನಲ್ಲಿ ಬಂದಿದೆ. ಹಳೇ ಗೇಟಿನ ಹತ್ತಿರ ಒಂದು ಲೋಡು ಜಲ್ಲಿ ಇಳಿಸಿದ್ದಾರಂತೆ. ಗೇಟು ಅಲ್ಲಿಗೇ ಅಂತಲೋ, ಲಾರಿ ತಿರುಗಿಸಲು ಅಲ್ಲಿ ಜಾಗ ಇತ್ತು ಅಂತಲೋ, ಚಿಕ್ಕಪ್ಪನಿಗೂ ಗೊತ್ತಿಲ್ಲ.