ಒಂದು ದಿನದ ಸಫಾರಿಗೆ ದಾಂಡೇಲಿಯೇ ಯಾಕೆ?

ದಸರಾ ರಜೆ ಹತ್ತಿರ ಬಂತು ಅಂದರೆ ಹುಬ್ಬಳ್ಳಿ-ಧಾರವಾಡದ ಅರ್ಧಕ್ಕರ್ಧ ವಾಟ್ಸಪ್ ಗುಂಪುಗಳಲ್ಲಿ ಒಂದೇ ಮಾತು. ಭಾನುವಾರ ದಾಂಡೇಲಿ. ಮುಂಜಾನೆ ಹೋಗಿ, ಸಫಾರಿ ಮಾಡಿ, ರಾತ್ರಿ ವಾಪಸ್. ಸೋಮವಾರ ಆಫೀಸಿನಲ್ಲಿ ಕೇಳುವ ಪ್ರಶ್ನೆಯೂ ಒಂದೇ. "ಹುಲಿ ಕಂಡ್ತೇನ್ರಿ?" ಉತ್ತರವೂ ಬಹುತೇಕ ಒಂದೇ. "ಎಲ್ಲಿ ಹುಲಿರಿ, ಬರೇ ಗಿಡಾ ನೋಡ್ಕೊಂತ ಬಂದ್ವಿ."

ಈ ಮಾತು ಕೇಳಿದಾಗಲೆಲ್ಲ ನನಗೆ ಆ ಕಾಡಿನ ಮೇಲೆ ಕನಿಕರ ಬರುತ್ತದೆ. ಪ್ಲಾನ್ ಹಾಕಿದವರ ತಪ್ಪಿಗೆ ಕಾಡು ಬೈಸಿಕೊಳ್ಳಬೇಕು, ಅಲ್ವಾ? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮಂಥ ಒಂದೇ ದಿನ ಬಿಡುವಿರುವ ಮಂದಿಗೆ ದಾಂಡೇಲಿ ಸಫಾರಿ ಹೊಂದುವುದಿಲ್ಲ. ಒಂದು ದಿನಕ್ಕೆ ಹೊಂದುವ ಕಾಡುಪ್ರಾಣಿಗಳು ನಮ್ಮ ಹಾವೇರಿ, ಗದಗ ಕಡೆಯ ಬಯಲಿನಲ್ಲಿವೆ. ಅತ್ತ ಯಾರೂ ತಿರುಗಿ ನೋಡುವುದಿಲ್ಲ.

ಲೆಕ್ಕ ಹಾಕಿ ನೋಡಿ. ಧಾರವಾಡದಿಂದ ಹಳಿಯಾಳ ದಾಟಿ ದಾಂಡೇಲಿಗೆ 55 ಕಿಲೋಮೀಟರ್ ಆಸುಪಾಸು, ಹುಬ್ಬಳ್ಳಿಯಿಂದಾದರೆ 75ರ ಹತ್ತಿರ. ದೂರವೇನಲ್ಲ. ಆದರೆ ಕಾಡಿನ ಪ್ರಾಣಿಗಳು ಹೊರಬೀಳುವುದು ಬೆಳಕು ಹರಿಯುವಾಗ ಮತ್ತು ಹೊತ್ತು ಇಳಿಯುವಾಗ. ಬೆಳಗಿನ ಜೀಪು ಸಿಗಬೇಕು ಅಂದರೆ ಮನೆಯಿಂದ ನಾಲ್ಕರೊಳಗೆ ಹೊರಡಬೇಕು. ಎರಡು ಗಾಡಿ, ಮೂರು ಮನೆ, ಮಕ್ಕಳು, ಮೊಣಕಾಲು ನೋವಿನ ಅತ್ತೆ. ಇಷ್ಟು ಜನ ನಾಲ್ಕಕ್ಕೆ ಹೊರಟದ್ದನ್ನು ಯಾರಾದರೂ ನೋಡಿದ್ದೀರಾ? ಏಳಕ್ಕೆ ಹೊರಟು, ಹಳಿಯಾಳದಲ್ಲಿ ಇಡ್ಲಿ-ವಡಾ ತಿಂದು, ಹತ್ತಕ್ಕೆ ದಾಂಡೇಲಿ ಮುಟ್ಟುತ್ತಾರೆ. ಅಷ್ಟೊತ್ತಿಗೆ ಪ್ರಾಣಿಗಳೆಲ್ಲ ನೆರಳಿಗೆ ಸರಿದಿರುತ್ತವೆ. ಸಂಜೆಯ ಜೀಪಿನ ತನಕ ಏನು ಮಾಡುವುದು? ಗಣೇಶಗುಡಿಗೆ ಹೋಗಿ ರಾಫ್ಟಿಂಗ್, ಸೂಪಾ ಅಣೆಕಟ್ಟಿನ ಮುಂದೆ ಸೆಲ್ಫಿ, ಎಲ್ಲೋ ಒಂದು ಕಡೆ ಭಾರೀ ಊಟ. ಜೀಪು ಹತ್ತುವ ಹೊತ್ತಿಗೆ ದೊಡ್ಡವರಿಗೆ ತೂಕಡಿಕೆ, ಮಕ್ಕಳಿಗೆ ಮೊಬೈಲ್. ಸಫಾರಿ ಮುಗಿದ ಮೇಲೆ ಕತ್ತಲಲ್ಲಿ ಕಾಡಿನ ರಸ್ತೆಯಲ್ಲಿ ಗಾಡಿ ಓಡಿಸಬೇಕು. ಕಾಡುಕೋಣ, ಜಿಂಕೆ ರಸ್ತೆ ದಾಟುವ ಹೊತ್ತೂ ಅದೇ. ಸಫಾರಿಯಲ್ಲಿ ಕಾಣದ ಕೋಣ ವಾಪಸ್ ಬರುವಾಗ ಬಾನೆಟ್ ಮುಂದೆ ಬಂದು ನಿಂತ ಕಥೆ ನಮ್ಮ ಓಣಿಯಲ್ಲೇ ಇದೆ.

ಇನ್ನು ಹುಲಿ. ದಾಂಡೇಲಿ ಅಭಯಾರಣ್ಯ ಆದದ್ದು 1956ರಲ್ಲಿ. ಪಕ್ಕದ ಅಣಶಿ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಎರಡನ್ನೂ ಸೇರಿಸಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಮಾಡಿದರು. ಈಗಿನ ಕಾಳಿ ಎಂಬ ಹೆಸರು 2015ರಲ್ಲಿ ಬಂತು. ಹುಲಿ ಇವೆ, ಸುಳ್ಳಲ್ಲ. ಕರಿ ಚಿರತೆಯೂ ಇದೆ. ಆದರೆ ಬಂಡೀಪುರ, ನಾಗರಹೊಳೆಯ ಫೋಟೊ ನೋಡಿಕೊಂಡು ಅದನ್ನೇ ಇಲ್ಲಿ ಹುಡುಕಿದರೆ ನಿರಾಶೆ ಗ್ಯಾರಂಟಿ. ಅಲ್ಲಿಯ ಕಾಡು ಅಲ್ಲಲ್ಲಿ ತೆರೆದುಕೊಂಡಿದೆ, ಜಿಂಕೆ ಹಿಂಡು ದೊಡ್ಡವು, ಹಾಗಾಗಿ ಹುಲಿಯೂ ಜಾಸ್ತಿ. ಕಾಳಿಯದು ಘಟ್ಟದ ದಟ್ಟ ಕಾಡು. ಬಿದಿರು ಮೆಳೆ, ಬಳ್ಳಿ, ಇಳಿಜಾರು. ಹತ್ತು ಮಾರು ಆಚೆ ನಿಂತ ಪ್ರಾಣಿಯೂ ಕಾಣುವುದಿಲ್ಲ. ಗೈಡ್ ಪಾಪ, ದಾರಿಯ ಧೂಳಿನಲ್ಲಿ ಹೆಜ್ಜೆ ಗುರುತು ತೋರಿಸುತ್ತಾರೆ. ಹಿಂದಿನ ಸೀಟಿನಿಂದ "ಇಷ್ಟೇ ಏನ್ರಿ?" ಅಂತ ಒಂದು ದನಿ. ಹುಲಿಯನ್ನು ನೋಡಲೇಬೇಕು ಅನ್ನುವವರು ಗದಗ ರಸ್ತೆಯ ಬಿಂಕದಕಟ್ಟಿ ಮೃಗಾಲಯಕ್ಕೆ ಹೋಗಿಬರಲಿ. ಮಕ್ಕಳಿಗೆ ಖುಷಿ, ಡೀಸೆಲ್ಲೂ ಉಳಿತಾಯ.

ದಾಂಡೇಲಿಗೆ ಹೋಗಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಹೋಗಿ, ಆದರೆ ಒಂದು ರಾತ್ರಿ ಉಳಿಯಿರಿ. ಕುಳಗಿಯಲ್ಲಿ ಅರಣ್ಯ ಇಲಾಖೆಯ ನೇಚರ್ ಕ್ಯಾಂಪ್ ಇದೆ. ಮತ್ತೆ ಹೋದಾಗ ತಲೆ ಎತ್ತಿ ನೋಡಿ. ಆ ಕಾಡಿನ ನಿಜವಾದ ಶ್ರೀಮಂತಿಕೆ ಮರದ ತುದಿಯಲ್ಲಿದೆ. ಹಾರ್ನ್‌ಬಿಲ್, ನಮ್ಮ ಮಂಗಟ್ಟೆ ಹಕ್ಕಿಯ ನಾಲ್ಕು ಜಾತಿಗಳು ಅಲ್ಲಿವೆ. ಅವುಗಳಿಗಾಗಿಯೇ 2011ರಲ್ಲಿ ಅಲ್ಲೊಂದು ಸಂರಕ್ಷಿತ ಪ್ರದೇಶ ಘೋಷಿಸಿದರು. ಮೊಟ್ಟೆ ಇಡುವ ಕಾಲಕ್ಕೆ ಹೆಣ್ಣು ಮರದ ಪೊಟರೆ ಹೊಕ್ಕು, ಬಾಗಿಲನ್ನು ಒಳಗಿನಿಂದಲೇ ಮೆತ್ತಿಕೊಳ್ಳುತ್ತದೆ. ಉಳಿಯುವುದು ಕೊಕ್ಕು ತೂರುವಷ್ಟು ಸೀಳು ಮಾತ್ರ. ಗಂಡು ಅತ್ತಿ ಹಣ್ಣು, ಆಲದ ಹಣ್ಣು ತಂದು ಆ ಸೀಳಿನಿಂದ ತಿನ್ನಿಸುತ್ತದೆ. ವಾರಗಟ್ಟಲೆ ಇದೇ ಕೆಲಸ. ದೊಡ್ಡ ಮಂಗಟ್ಟೆ ತಲೆಯ ಮೇಲೆ ಹಾರಿಹೋದರೆ ರೆಕ್ಕೆಯ ಸಪ್ಪಳ ಬುಸ್ ಬುಸ್ ಅಂತ ಕೆಳಗಿನವರೆಗೂ ಕೇಳುತ್ತದೆ. ಅದನ್ನು ಕೇಳಿದವರು ಸೋಮವಾರ ಬಂದು "ಬರೇ ಗಿಡಾ" ಅನ್ನುವುದಿಲ್ಲ.

ಈಗ ಬಯಲಿನ ಮಾತಿಗೆ ಬರುತ್ತೇನೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಿಆರ್‌ಟಿಎಸ್ ಬಸ್ಸಿಗೆ ಚಿಗರಿ ಅಂತ ಹೆಸರಿಟ್ಟಿದ್ದಾರೆ. ದಿನಾ ಅದರಲ್ಲಿ ಓಡಾಡುವವರ ಪೈಕಿ ನಿಜವಾದ ಚಿಗರಿ ನೋಡಿದವರು ಎಷ್ಟು ಜನ? ಪುಸ್ತಕದವರು ಅದನ್ನು ಕೃಷ್ಣಮೃಗ ಅನ್ನುತ್ತಾರೆ. ಗಂಡಿನದು ಕಪ್ಪು ಬೆನ್ನು, ಬಿಳಿ ಹೊಟ್ಟೆ, ತಿರುಚಿದ ಕೊಂಬು. ಮರಿಯಿದ್ದಾಗ ಅದೂ ಹೆಣ್ಣಿನ ಹಾಗೆ ಕಂದು ಬಣ್ಣವೇ. ಬೆಳೆದಂತೆ ಕಪ್ಪಾಗುತ್ತ ಹೋಗುತ್ತದೆ. ಅದು ಅಡಗುವ ಪ್ರಾಣಿಯಲ್ಲ. ದೂರದಿಂದಲೇ ಅಪಾಯ ನೋಡಿ, ಓಡಿ ಜೀವ ಉಳಿಸಿಕೊಳ್ಳುವುದು ಅದರ ದಾರಿ. ಓಟದ ವೇಗ ಗಂಟೆಗೆ 80 ಕಿಲೋಮೀಟರ್ ಮುಟ್ಟುತ್ತದೆ. ಹಿಂಡಿನಲ್ಲಿ ಒಂದು ಹೆದರಿ ಮೇಲಕ್ಕೆ ಜಿಗಿದರೆ ಸಾಕು, ಉಳಿದವೂ ಒಂದರ ಹಿಂದೊಂದು ಜಿಗಿಯುತ್ತವೆ. ಬಯಲು ನಾಡಿನ ಪ್ರಾಣಿಯಾದ್ದರಿಂದ ಅದು ಹಗಲಲ್ಲೂ ಮೇಯುತ್ತದೆ, ಬಟ್ಟಬಯಲಲ್ಲೇ ನಿಲ್ಲುತ್ತದೆ. ಏಳಕ್ಕೆ ಹೊರಡುವ ನಮ್ಮಂಥವರಿಗೆ ಇದಕ್ಕಿಂತ ಅನುಕೂಲದ ಪ್ರಾಣಿ ಯಾವುದಿದೆ?

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರದು. ವಿಸ್ತಾರ 119 ಚದರ ಕಿಲೋಮೀಟರ್. ಹುಬ್ಬಳ್ಳಿಯಿಂದ ದಾಂಡೇಲಿಗಿಂತ ದೂರವೇ, ಆದರೆ ಹೈವೇ ಇರುವುದರಿಂದ ಎರಡು ತಾಸಿನಲ್ಲಿ ಮುಟ್ಟಬಹುದು. ದಾಂಡೇಲಿಯ ಹಾಗೆ ಇಲ್ಲಿ ಜೀಪುಗಳ ಸಾಲು, ಏಜೆಂಟರ ಗದ್ದಲ ಇಲ್ಲ. ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿಕೊಂಡು ಹೋಗಬೇಕು. ಹೋಗುವ ದಾರಿಯಲ್ಲಿ ಬಂಕಾಪುರದ ಕೋಟೆಯೊಳಗೆ ನವಿಲುಧಾಮ ಇದೆ. ಅಲ್ಲೇ ಅರವತ್ತು ಕಂಬದ ಗುಡಿ, ಅಂದರೆ ನಗರೇಶ್ವರ ದೇವಸ್ಥಾನ. ಹೈವೇ ಬಿಟ್ಟು ಸ್ವಲ್ಪ ಒಳಗೆ ಹೋದರೆ ಆಯಿತು. ಸವಣೂರು ಖಾರಾ ಕಟ್ಟಿಸಿಕೊಳ್ಳುವವರು ಇನ್ನೊಂದು ಸುತ್ತು ಹಾಕಬಹುದು.

ರಾಣೆಬೆನ್ನೂರಿನ ವಿಷಯದಲ್ಲಿ ನನಗೊಂದು ಸಿಟ್ಟಿದೆ. ಅಭಯಾರಣ್ಯದ ಬಹುಪಾಲು ಜಾಗದಲ್ಲಿ ಇರುವುದು ನೀಲಗಿರಿ ತೋಪು. ಚಿಗರಿಗೆ ಬೇಕಾದದ್ದು ಹುಲ್ಲು, ಕುರುಚಲು, ದೂರದ ನೋಟ. ನಾವು ಕೊಟ್ಟಿದ್ದು ಸಾಲು ಹಿಡಿದು ನಿಂತ ಮರ. ಮರ ಇಲ್ಲದ ಭೂಮಿ ಅಂದರೆ ಬಂಜರು ಅನ್ನುವ ಬುದ್ಧಿ ನಮ್ಮಲ್ಲಿ ಎಷ್ಟು ಗಟ್ಟಿ ಅಂದರೆ, ಹುಲ್ಲುಗಾವಲು ಕಂಡ ತಕ್ಷಣ ಸಸಿ ನೆಡುವ ಕೈ ತುರಿಸುತ್ತದೆ. ಇದೇ ನೆಲದಲ್ಲಿ ಒಂದು ಕಾಲಕ್ಕೆ ಎರೆಭೂತ ಇತ್ತು. ಮೊಣಕಾಲು ಮೀರುವ ಎತ್ತರದ, ಹದಿನೈದು ಕೆಜಿ ತನಕ ತೂಗುವ ಹಕ್ಕಿ. ಅದು ಮೊಟ್ಟೆ ಇಡುವುದು ಬರಿನೆಲದ ಮೇಲೆ, ಅದಕ್ಕೂ ಬಯಲೇ ಬೇಕು. ಈಗ ರಾಣೆಬೆನ್ನೂರಿನಲ್ಲಿ ಅದಿಲ್ಲ. ಘಟ್ಟದಲ್ಲಿ ಒಂದು ಮರ ಕಡಿದರೆ ನಾವೆಲ್ಲ ಪೋಸ್ಟ್ ಹಾಕುತ್ತೇವೆ. ಹಾಕಲೇಬೇಕು. ಬಯಲು ಮುಚ್ಚಿಹೋದಾಗ ಯಾರಿಗೂ ಗೊತ್ತೇ ಆಗಲಿಲ್ಲ. ಯಾಕೆಂದರೆ ಅದನ್ನು ನೋಡಲು ಯಾರೂ ಹೋಗುತ್ತಿರಲಿಲ್ಲ. ಒಂದು ದಿನದ ಪ್ರವಾಸಿಗರು ಇತ್ತ ಬರಲಿ ಅಂತ ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಆದರೆ ಈ ಮಾತನ್ನು ನಮ್ಮ ಕಾಕಾನ ಮುಂದೆ ಹೇಳುವ ಧೈರ್ಯ ನನಗಿಲ್ಲ. ಕಾಕಾನದು ರಾಣೆಬೆನ್ನೂರು ಕಡೆ ಹೊಲ. ಗೋವಿನಜೋಳ ಬೆಳೆಯುತ್ತಾರೆ. ಮೊಳಕೆ ಗೇಣುದ್ದ ಬಂತು ಅಂದರೆ ರಾತ್ರೋರಾತ್ರಿ ಹಿಂಡು ಇಳಿಯುತ್ತದೆ. ಮೇಯ್ದದ್ದು ಅರ್ಧ, ತುಳಿದದ್ದು ಅರ್ಧ. ಮತ್ತೆ ಬಿತ್ತಬೇಕು. ಬೀಜ, ಗೊಬ್ಬರ, ಆಳು ಎಲ್ಲಾ ಎರಡೆರಡು ಸಲ. ಹೊಲದ ಸುತ್ತ ಹಳೇ ಸೀರೆ ಕಟ್ಟುತ್ತಾರೆ, ಖಾಲಿ ಡಬ್ಬಿ ಬಡಿಯುತ್ತಾರೆ, ರಾತ್ರಿ ಕಾಯುತ್ತಾರೆ. ನಾನು ಒಮ್ಮೆ ಚಿಗರಿಯ ಚಂದದ ಬಗ್ಗೆ ಎರಡು ಮಾತಾಡಿದ್ದಕ್ಕೆ ಕಾಕಾ ಹೇಳಿದ್ದು ಇಷ್ಟು: "ಚಂದ ಅದಾವೋ ತಮ್ಮಾ, ಯಾರ್ ಇಲ್ಲ ಅಂದ್ರು? ನಿಮ್ಮ ಧಾರವಾಡಕ್ಕ ಒಂದ್ ಹಿಂಡ್ ಒಯ್ರಿ ಮತ್ತ." ಕಾಕಿ ಒಳಗಿನಿಂದ ಕೂಗಿದರು. "ಅವನ್ ಮಾತ್ ಕೇಳಬ್ಯಾಡ, ಹೋದ್ ವರ್ಷ ಮರಿ ಒಂದು ಕಾಲ ಮುರ್ಕೊಂಡು ಬಿದ್ದಾಗ ಫಾರೆಸ್ಟಿನವ್ರಿಗೆ ಫೋನ್ ಮಾಡಿದಾಂವ ಅವನ!"

ನನಗೆ ತಿಳಿದ ಮಟ್ಟಿಗೆ ಈ ಭಾಗದ ವನ್ಯಜೀವಿ ವಿಷಯದ ಪೂರ್ತಿ ತೊಡಕು ಈ ಮನೆಯಲ್ಲೇ ಇದೆ. ಅಣ್ಣಿಗೇರಿ, ನವಲಗುಂದ, ರೋಣದ ಎರೆ ಹೊಲಗಳಲ್ಲೂ ಇದೇ ಕಥೆ. ಅಲ್ಲಿ ರಸ್ತೆ ಬದಿಗೆ ಗಾಡಿ ನಿಲ್ಲಿಸಿದರೆ ಟಿಕೆಟ್ಟಿಲ್ಲದೆ ಚಿಗರಿ ನೋಡಬಹುದು. ನೋಡಿ. ಆದರೆ ಫೋಟೊಕ್ಕಾಗಿ ಕಡಲೆ ಹೊಲದೊಳಗೆ ಕಾಲಿಡಬೇಡಿ. ಚಿಗರಿ ತುಳಿದದ್ದು ಸಾಲದು ಅಂತ ನಾವೂ ತುಳಿಯುವುದೇ? ಗಾಡಿಯಿಂದ ಹಿಂಡನ್ನು ಅಟ್ಟಿಸಿಕೊಂಡು ಹೋಗಿ ವಿಡಿಯೊ ಮಾಡುವವರನ್ನೂ ನೋಡಿದ್ದೇನೆ. ಬೆದೆಗೆ ಬಂದ ಗಂಡು ತನ್ನ ಜಾಗ ಹಿಡಿದು ನಿಂತಿರುತ್ತದೆ, ಹೆಣ್ಣು ಗಬ್ಬ ಇರುತ್ತದೆ. ಹಾಗೆ ಅಟ್ಟುವುದು ಮೋಜಲ್ಲ, ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ.

ಚಳಿಗಾಲವಾದರೆ ನನ್ನ ಮೊದಲ ಓಟು ಮಾಗಡಿ ಕೆರೆಗೆ. ಬೆಂಗಳೂರು ಕಡೆಯ ಮಾಗಡಿಯಲ್ಲ, ಗದಗ ಜಿಲ್ಲೆ ಶಿರಹಟ್ಟಿ ತಾಲೂಕಿನ ಮಾಗಡಿ. ಲಕ್ಷ್ಮೇಶ್ವರದಿಂದ ಹತ್ತಿರ. ನವೆಂಬರ್‌ನಿಂದ ಫೆಬ್ರುವರಿ-ಮಾರ್ಚ್ ತನಕ ಅಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಬಂದಿಳಿಯುತ್ತವೆ. ಬೂದು ಬಣ್ಣ, ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿ ಇದು. 7,000 ಮೀಟರಿಗಿಂತ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಗಾಳಿ ತೆಳುವಾದ ಕಡೆಯೂ ಆಮ್ಲಜನಕ ಹಿಡಿದಿಟ್ಟುಕೊಳ್ಳುವ ಶಕ್ತಿ ಅವುಗಳ ರಕ್ತಕ್ಕಿದೆ. ಮೀನಿಗಾಗಿ ಬರುತ್ತವೆ ಅಂತ ಬಹಳ ಜನ ತಿಳಿದಿದ್ದಾರೆ. ಅವು ತಿನ್ನುವುದು ಹುಲ್ಲು, ಕಾಳು, ಎಳೆ ಪೈರು. ರಾತ್ರಿ ಹೊತ್ತು ಸುತ್ತಲಿನ ಹೊಲಗಳಲ್ಲಿ ಮೇಯ್ದು, ಹಗಲಿನ ಬಿಸಿಲಿನಲ್ಲಿ ಕೆರೆಯಲ್ಲಿ ಸುಮ್ನೆ ಕೂತಿರುತ್ತವೆ. ಅಂದರೆ ತಡವಾಗಿ ಎದ್ದು, ತಿಂಡಿ ತಿಂದು, ಹತ್ತೂವರೆಗೆ ಮುಟ್ಟಿದರೂ ಅವು ಅಲ್ಲೇ ಇರುತ್ತವೆ. 2024ರಲ್ಲಿ ಈ ಕೆರೆಗೆ ರಾಮ್‌ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅಂತ. ಅದೇ ಸಲ ಅಘನಾಶಿನಿ ಅಳಿವೆಗೂ ಸಿಕ್ಕಿತು. ಅಘನಾಶಿನಿ ಎಲ್ಲರಿಗೂ ಗೊತ್ತು. ಮಾಗಡಿ ಅಂದರೆ ಹುಬ್ಬಳ್ಳಿಯಲ್ಲೇ "ಎಲ್ಲೈತ್ರಿ ಅದು?" ಅನ್ನುತ್ತಾರೆ.

ಗದಗ ಜಿಲ್ಲೆಯದೇ ಆದ ಕಪ್ಪತ್ತಗುಡ್ಡದ ಬಗ್ಗೆ ಬೇರೆಯೇ ಬರೆಯಬೇಕು. ಗಣಿಗಾರಿಕೆ ಬೇಡ ಅಂತ ಊರವರು, ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರು, ಇನ್ನೂ ಎಷ್ಟೋ ಮಂದಿ ಬೀದಿಗಿಳಿದಿದ್ದರಿಂದ ಉಳಿದ ಗುಡ್ಡ ಅದು. 2019ರಲ್ಲಿ ವನ್ಯಜೀವಿ ಧಾಮವಾಯಿತು. ತೋಳ, ಕತ್ತೆಕಿರುಬ, ಚಿರತೆ, ಕೊಂಡಕುರಿ ಎಲ್ಲ ಅಲ್ಲಿವೆ. ಅವು ಸುಲಭಕ್ಕೆ ಕಾಣುವುದಿಲ್ಲ. ಮಳೆಗಾಲ ಮುಗಿಯುತ್ತಿದ್ದಂತೆ ಗುಡ್ಡ ಹಸಿರಾಗಿರುವಾಗ ಹೋದರೆ ಪ್ರಾಣಿ ಕಾಣದಿದ್ದರೂ ಬೇಸರ ಆಗುವುದಿಲ್ಲ.

ಮಾಗಡಿಗೆ ಹೋಗುವವರು ಒಂದು ದುರ್ಬೀನು ಇಟ್ಟುಕೊಳ್ಳಿ. ಇಲ್ಲದಿದ್ದರೆ ದೂರದ ಬಿಳಿ ಚುಕ್ಕಿ ನೋಡಿ ಬರಬೇಕಾಗುತ್ತದೆ. ಡ್ರೋನ್ ಬೇಡವೇ ಬೇಡ, ಹಿಂಡು ಪೂರ್ತಿ ಎದ್ದುಬಿಡುತ್ತದೆ. ಹತ್ತಿರ ಹೋಟೆಲ್ ಹುಡುಕುವ ಬದಲು ರೊಟ್ಟಿ, ಶೇಂಗಾ ಚಟ್ನಿ, ಮೊಸರು ಬುತ್ತಿ ಕಟ್ಟಿಕೊಂಡು ಹೋಗಿ. ಚಟ್ನಿಪುಡಿಯ ಖಾಲಿ ಪ್ಲಾಸ್ಟಿಕ್ ಕೆರೆ ದಂಡೆಯಲ್ಲಿ ಬಿಡಬೇಡಿ. ನಾವು ಡಿಸೆಂಬರಿನ ಒಂದು ಭಾನುವಾರ ಹೊರಟಿದ್ದೇವೆ. ಗಾಡಿಯಲ್ಲಿ ಎರಡು ಸೀಟು ಖಾಲಿ ಇವೆ. ಬರುವವರು ಇನ್‌ಬಾಕ್ಸಿಗೆ ಬನ್ನಿ. ಹುಲಿ ಕೇಳುವವರಿಗೆ ಸೀಟಿಲ್ಲ.