ಹೊಳೆ ಬದಿಯ ಸಪಾಟು ರಸ್ತೆ

ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ, ತೀರ್ಥಹಳ್ಳಿ ಸುಮಾರು 590. ನಡುವೆ 60 ಕಿಲೋಮೀಟರಿಗೆ ಚೂರು ಹೆಚ್ಚು ದಾರಿ, ಅದೂ ತುಂಗಾ ನದಿಯ ಬಗಲು ಹಿಡಿದು. ಅಂದರೆ ಬೆಳಗಿಂದ ಸಂಜೆವರೆಗೆ ಸೈಕಲ್ ತುಳಿದರೂ ಏರಬೇಕಾದ್ದು ಬರೀ ಇಪ್ಪತ್ತು ಮೀಟರ್. “ಭಾವ, ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಕೆಟ್ಟ ದಿನ ನಾನು ಇದಕ್ಕಿಂತ ಜಾಸ್ತಿ ಹತ್ತಿರ್ತೀನಿ” ಎಂದು ದಸರಾ ರಜೆಗೆ ಬೆಂಗಳೂರಿನಿಂದ ಬಂದ ನನ್ನ ಭಾವಮೈದ ಲೆಕ್ಕ ಒಪ್ಪಿಸಿದ. ಲೆಕ್ಕವೇನೋ ಸರಿಯೇ. ತುಂಗೆ ಇಳಿದು ಬರುವುದೂ ಅದೇ ಲೆಕ್ಕದಲ್ಲಿ. ರಸ್ತೆ ಮಾಡಿದವರಿಗೆ ಮಾತ್ರ ಯಾರೂ ಹೇಳಿದ ಹಾಗಿಲ್ಲ.

ಮಲೆನಾಡಿನಲ್ಲಿ ಹೊಳೆ ಬದಿಯ ರಸ್ತೆ ಅಂದರೆ ಹೊಳೆಗೆ ಸೇರುವ ಹಳ್ಳಗಳನ್ನೆಲ್ಲ ದಾಟುವ ರಸ್ತೆ. ಗುಡ್ಡದಿಂದ ಒಂದು ಹಳ್ಳ ಇಳಿದು ಬರುತ್ತದೆ. ರಸ್ತೆ ಅದರ ಮರ್ಯಾದೆಗೆ ತಾನೂ ಕೆಳಗಿಳಿದು, ಮೋರಿ ದಾಟಿ, ಆಚೆ ಗುಡ್ಡದ ಹೆಗಲೇರುತ್ತದೆ. ಏರಿ ಉಸ್ಸಪ್ಪಾ ಅನ್ನುವಷ್ಟರಲ್ಲಿ ಇನ್ನೊಂದು ಹಳ್ಳ. ಇಳಿಯುವಾಗ ಸಿಕ್ಕ ವೇಗದಲ್ಲೇ ಮುಂದಿನ ಏರನ್ನು ಅರ್ಧ ಮುಗಿಸೋಣ ಎಂದರೆ ಮೋರಿಯ ಹತ್ತಿರ ಹಂಪ್ ಇರುತ್ತದೆ. ಹಂಪ್ ಇಲ್ಲದ ಕಡೆ ಎಮ್ಮೆ ಇರುತ್ತದೆ. ಭಾವಮೈದನ ಹ್ಯಾಂಡಲಿಗೆ ಕೂರಿಸಿದ್ದ ಪುಟ್ಟ ಯಂತ್ರವೊಂದು ನಾವು ಏರಿದ್ದನ್ನು ಮಾತ್ರ ಕೂಡಿಸುತ್ತಿತ್ತು, ಇಳಿದದ್ದನ್ನು ಕಳೆಯುತ್ತಿರಲಿಲ್ಲ. ಗಾಜನೂರು ಅಣೆಕಟ್ಟು ದಾಟುವ ಹೊತ್ತಿಗೇ ಅದು ತೀರ್ಥಹಳ್ಳಿಯ ಪಾಲಿನ ಇಪ್ಪತ್ತು ಮೀಟರನ್ನು ತಿಂದು ಮುಗಿಸಿತ್ತು. ಅವನು ಅದರ ಮುಖಕ್ಕೆ ಕರವಸ್ತ್ರ ಕಟ್ಟಿದ.

ಅವನ ಸೈಕಲಿಗೆ ಇಪ್ಪತ್ತೆರಡು ಗೇರು. ನನ್ನದಕ್ಕೆ ಏಳು. ಅದರಲ್ಲೂ ಮೂರನೆಯದಕ್ಕೂ ನಾಲ್ಕನೆಯದಕ್ಕೂ ಯಾವುದೋ ಹಳೇ ವ್ಯಾಜ್ಯವಿದ್ದು, ಚೈನು ಯಾರ ಪರವೂ ವಹಿಸದೆ ಕೆಳಗೆ ಬೀಳುತ್ತದೆ. ಹಾಗಾಗಿ ಏರು ಬಂದರೆ ನಾನು ಇಳಿದು ತಳ್ಳುವವನು. ಅವನು ಅತಿ ಸಣ್ಣ ಗೇರಿಗೆ ಹಾಕಿಕೊಂಡು, ಕಾಲನ್ನು ಗಿರಗಿರ ತಿರುಗಿಸಿ, ಬೆವರಿನಲ್ಲಿ ಮಿಂದು, ನನ್ನ ಪಕ್ಕದಲ್ಲೇ ನಾನು ನಡೆಯುವ ವೇಗದಲ್ಲೇ ಬರುತ್ತಿದ್ದ. ಮಾತಾಡಿಕೊಂಡು ಹೋಗಲು ಅನುಕೂಲವಾಯಿತು. ಮಾತು ನಾನೊಬ್ಬನೇ ಆಡಬೇಕಿತ್ತು, ಅಷ್ಟೆ.

ಈಚೆಗೆ ನಮ್ಮ ಕಡೆ ಬೆಳೆದ ಗಂಡಸು ಸೈಕಲ್ ಮೇಲೆ ಬಂದರೆ ಜನಕ್ಕೆ ಮೊದಲು ಹುಟ್ಟುವುದು ಕನಿಕರ. ಸಕ್ರೆಬೈಲಿನ ಆನೆ ಬಿಡಾರದ ಹತ್ತಿರ ಚಹಾ ಕುಡಿಯುವಾಗ ಒಬ್ಬರು ಕೇಳಿದರು:

“ಬಸ್ಸು ತಪ್ತಾ?”

“ಇಲ್ಲ, ಬೇಕಂತಲೇ ಸೈಕಲಲ್ಲಿ ಹೊರಟಿದ್ದೀವಿ.”

“ಹರಕೆಯಾ?”

“ಅಲ್ಲ ಸಾರ್, ಫಿಟ್‌ನೆಸ್ಸಿಗೆ” ಎಂದ ಭಾವಮೈದ.

ಅವರು ಅವನನ್ನು ಬಿಟ್ಟು ನನ್ನ ಮುಖ ನೋಡಿದರು. “ಮನೇಲಿ ಒಡೆಯೋಕೆ ಸೌದೆ ಇಲ್ವಾ?”

ಮುಂದಿನ ಅಂಗಡಿಯಲ್ಲಿ ಹರಕೆ ಎಂದೇ ಹೇಳಿದೆವು. ಶೃಂಗೇರಿಯವರೆಗೆ ಎಂದೂ ಸೇರಿಸಿದೆವು. ಕೂರಲು ಬೆಂಚು ಒರೆಸಿಕೊಟ್ಟರು, ಬಾಳೆಹಣ್ಣಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ದೂರ ಪ್ರಯಾಣ ಹೊರಡುವ ಸೈಕಲಿನವರಿಗೆ ಪಂಕ್ಚರ್ ಸಾಮಾನಿಗಿಂತ ಮೊದಲು ಒಂದು ಗಟ್ಟಿ ಹರಕೆ ಬೇಕು ಎಂಬುದು ನನ್ನ ಅಭಿಪ್ರಾಯ.

ದೂರ ಕೇಳಿದರೆ ಮಾತ್ರ ಯಾರನ್ನೂ ನಂಬಬೇಡಿ. “ಇಲ್ಲೇ, ಐದು ನಿಮಿಷ” ಎನ್ನುತ್ತಾರೆ. ಅದು ಬೈಕಿನ ಐದು ನಿಮಿಷ, ಅದೂ ಹೇಳಿದವರ ಮಗ ಓಡಿಸಿದರೆ. “ಏರು ಇದೆಯಾ?” ಎಂದರೆ “ಏ, ಎಂಥ ಏರು, ಗೊತ್ತೇ ಆಗಲ್ಲ.” ಅವರಿಗೆ ನಿಜವಾಗಿಯೂ ಗೊತ್ತಾಗುವುದಿಲ್ಲ, ಆಕ್ಸಿಲರೇಟರ್ ತಿರುಗಿಸುವ ಕೈಗೆ ಗುಡ್ಡ ಎಲ್ಲಿ ತಿಳಿಯಬೇಕು? ಒಬ್ಬರೇ ಒಬ್ಬರು ಸರಿಯಾಗಿ ಹೇಳಿದರು. ಕಂಬಳಿ ಹೊದ್ದು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದ ಮುದುಕರು. “ಈ ಚಡಾವು ಮುಗಿದ ಕೂಡ್ಲೆ ಹಳ್ಳ. ಆಮೇಲೆ ಒಂದು ಸಣ್ಣದು, ಅದನ್ನ ತುಳಿಬಹುದು. ಅದಾದ್ಮೇಲಿಂದು ಮೋಸದ್ದು, ನೋಡಕ್ಕೆ ಸಪಾಟು, ಸೈಕಲ್ ಮುಂದೆ ಹೋಗಲ್ಲ. ಅಲ್ಲಿ ಇಳಿದುಬಿಡಿ.” ಒಂದು ಕಾಲಕ್ಕೆ ಕ್ಯಾರಿಯರಿನಲ್ಲಿ ಅಕ್ಕಿ ಮೂಟೆ ಕಟ್ಟಿಕೊಂಡು ಅದೇ ರಸ್ತೆಯಲ್ಲಿ ಓಡಾಡಿದವರಂತೆ. ಗೇರಿಲ್ಲದ ಸೈಕಲ್. ಭಾವಮೈದ ಗೌರವದಿಂದ ಕೇಳಿದ, “ಇಂಥ ಏರಿಗೆ ಏನು ಮಾಡ್ತಿದ್ರಿ ಅಜ್ಜಾ?”

“ತಳ್ತಿದ್ದೆ. ಮತ್ತೆಂತ ಮಾಡೋದು?”

ನಾನು ಭಾವಮೈದನ ಕಡೆ ನೋಡಿದೆ. ಅವನು ಬಾಟಲಿಯಿಂದ ನೀರು ಕುಡಿಯತೊಡಗಿದ.

ಇಳಿಯಲು ಅವನಿಗೆ ಮನಸ್ಸಿಲ್ಲದೇ ಇರಲಿಲ್ಲ, ತೊಡಕಿದ್ದದ್ದು ಬೂಟಿನಲ್ಲಿ. ಅದರ ಅಡಿಯಲ್ಲೊಂದು ಕೊಂಡಿ. ಪೆಡಲಿಗೆ ಒತ್ತಿದರೆ ಟಕ್ಕನೆ ಕೂತುಕೊಳ್ಳುತ್ತದೆ, ಹಿಮ್ಮಡಿ ಹೊರಗೆ ತಿರುಚಿದರೆ ಬಿಡುತ್ತದೆ. ಸಪಾಟು ರಸ್ತೆಯಲ್ಲಿ ಇದು ಚೆಂದ. ಏರಿನಲ್ಲಿ ಸೈಕಲ್ ನಿಂತೇಬಿಡುವ ಗಳಿಗೆಯಲ್ಲಿ ಹಿಮ್ಮಡಿಯ ನೆನಪು ಯಾರಿಗೆ ಬರುತ್ತದೆ? ಮಂಡಗದ್ದೆಯಲ್ಲಿ ನದಿ ನಡುವಿನ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿಗಳೂ ನೀರುಕಾಗೆಗಳೂ ಗೂಡು ಕಟ್ಟುತ್ತವೆ. ಅವನ್ನು ನೋಡಲು ರಸ್ತೆ ಬದಿ ಒಂದು ಕುಟುಂಬ ನಿಂತಿತ್ತು. ಅವರ ಎದುರಿಗೆ ಬರುತ್ತಿದ್ದ ಹಾಗೆ ಭಾವಮೈದನ ಸೈಕಲ್ ನಿಂತಿತು. ಒಂದು ಕ್ಷಣ ಅವನು ನೆಟ್ಟಗೇ ಇದ್ದ. ಆಮೇಲೆ ಎರಡೂ ಕಾಲು ಪೆಡಲಿಗೆ ಅಂಟಿಕೊಂಡೇ, ಕಡಿದ ಅಡಿಕೆ ಮರದ ಹಾಗೆ, ನಿಧಾನವಾಗಿ ಎಡಕ್ಕೆ ವಾಲಿ ಚರಂಡಿಯ ಮುಳ್ಳುಪೊದೆ ಸೇರಿದ. ಕುಟುಂಬದ ಸಣ್ಣ ಹುಡುಗಿ ಬೈನಾಕ್ಯುಲರನ್ನು ಹಕ್ಕಿಗಳಿಂದ ಇತ್ತ ತಿರುಗಿಸಿದಳು.

ಮುಳ್ಳು ಅವನನ್ನು ಅಷ್ಟೇನೂ ಚುಚ್ಚದೆ ಟ್ಯೂಬನ್ನು ಚುಚ್ಚಿತ್ತು. ಪಂಕ್ಚರ್ ಅಂಗಡಿಯವರು ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಮುಳುಗಿಸಿ, ಗುಳ್ಳೆ ಎದ್ದ ಕಡೆ ಉಜ್ಜಿ, ಸೊಲ್ಯೂಷನ್ ಬಳಿದು ಪ್ಯಾಚ್ ಹಾಕಿದರು. ಅಲ್ಲಿಯವರೆಗೆ ಎಲ್ಲ ಸುಸೂತ್ರ. ಗಾಳಿ ತುಂಬಿಸುವಾಗ ಮಾತ್ರ ಸುಮ್ಮನೆ ನಿಂತರು. ದುಬಾರಿ ಸೈಕಲಿನ ವಾಲ್ವ್ ತೆಳ್ಳಗಿನ ಕಡ್ಡಿ ಮೂತಿಯದು, ಬೈಕಿಗೆ ಹೊಡೆಯುವ ಕಂಪ್ರೆಸರಿನ ಬಾಯಿ ಅದಕ್ಕೆ ಕೂರುವುದಿಲ್ಲ. ನಡುವೆ ಹಾಕುವ ಬೆರಳ ತುದಿಯಷ್ಟು ಹಿತ್ತಾಳೆ ತುಂಡೊಂದಿರುತ್ತದೆ. ಅದು ಬೆಂಗಳೂರಿನ ಮನೆಯ ಶೋಕೇಸಿನಲ್ಲಿ ಭದ್ರವಾಗಿತ್ತು. “ಇದಕ್ಕೆ ಗಾಳಿನೂ ಬೆಂಗಳೂರಿಂದಲೇ ತರಬೇಕಾಗುತ್ತೆ ಸಾರ್” ಎಂದರು ಅವರು. ಕೊನೆಗೆ ಭಾವಮೈದನ ಗೇಣುದ್ದದ ಪಂಪಿನಲ್ಲಿ ಇಬ್ಬರೂ ಪಾಳಿ ಹಾಕಿಕೊಂಡು ಒತ್ತಿದೆವು. ಪ್ಯಾಚಿಗೆ ಮಾತ್ರ ದುಡ್ಡು ತಗೊಂಡರು.

ರಾತ್ರಿ ತೀರ್ಥಹಳ್ಳಿಯಲ್ಲಿ ನನ್ನ ಚಿಕ್ಕಮ್ಮನ ಮನೆ. ಚಿಕ್ಕಮ್ಮ ಭಾವಮೈದನ ಮೈಗಂಟಿದ ಚಡ್ಡಿಯನ್ನೊಮ್ಮೆ ನೋಡಿ, ಮುಖ ತಿರುಗಿಸಿಕೊಂಡೇ ಒಂದು ಪಂಚೆ ಚಾಚಿದರು. “ಮೊದ್ಲು ಇದನ್ನ ಸುತ್ಕೊಳಪ್ಪ, ಒಳಗೆ ಭಟ್ರಿದಾರೆ.” ಅವನು ಕಾಲುಚೀಲ ಕಳಚಿದಾಗ ಪಾದವೆಲ್ಲ ಕೆಂಪು. ಹಳ್ಳದ ಬದಿ ಕೂತಲ್ಲಿ ಉಂಬಳ ಹತ್ತಿ, ಹೊಟ್ಟೆ ತುಂಬ ಕುಡಿದು ಚೀಲದೊಳಗೇ ನಿದ್ದೆ ಹೋಗಿತ್ತು. ಉಂಬಳ ಕಚ್ಚುವಾಗ ರಕ್ತ ಹೆಪ್ಪುಗಟ್ಟದಂಥ ದ್ರವ ಬಿಡುತ್ತದೆ, ಅದಕ್ಕೇ ಅದು ಬಿಟ್ಟ ಮೇಲೂ ರಕ್ತ ನಿಲ್ಲುವುದಿಲ್ಲ ಎಂದು ನಾನು ವಿವರಿಸಿದೆ. ಅವನಿಗೆ ಆ ಹೊತ್ತಿನಲ್ಲಿ ವಿಜ್ಞಾನ ಬೇಕಿರಲಿಲ್ಲ. ಚಿಕ್ಕಮ್ಮ ಕವಳದ ತಟ್ಟೆಯಿಂದ ಸುಣ್ಣದ ಡಬ್ಬಿ ತಂದರು. ಆಮೇಲೆ ಕಡುಬು, ಅಪ್ಪೆಮಿಡಿ ಉಪ್ಪಿನಕಾಯಿ. ಕಡುಬಿನ ವಿಷಯದಲ್ಲಿ ಅವನು ಇಪ್ಪತ್ತೆರಡು ಗೇರನ್ನೂ ಬಳಸಿದ.

ಅಲ್ಲಿಂದ ಆಗುಂಬೆ 30 ಕಿಲೋಮೀಟರ್ ಚಿಲ್ಲರೆ, ಮತ್ತದೇ ಹಳ್ಳಗಳ ಕಥೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಆ ದಿನ ನಮ್ಮ ಪಾಲಿನದನ್ನು ಪ್ರಾಮಾಣಿಕವಾಗಿ ಕೊಟ್ಟರು. ಆಕಾಶ ತಿಳಿಯಾಗಿದ್ದರೆ ದೂರದ ಸಮುದ್ರ ಕಾಣುವ ಸೂರ್ಯಾಸ್ತದ ಕಟ್ಟೆಯಲ್ಲಿ ನಿಂತು ನಾನು ಮುಂದಿನ ಚಕ್ರವನ್ನು ಕಂಡೆ, ಅದಕ್ಕಿಂತ ಆಚೆ ಮಂಜು.

ಕೆಳಗೆ ಸೋಮೇಶ್ವರದವರೆಗೆ ಹದಿನಾಲ್ಕು ಹೇರ್‌ಪಿನ್ ತಿರುವುಗಳ ಘಾಟಿ. ಇಳಿಯುವುದು ಸುಖ ಎಂದುಕೊಂಡಿರುತ್ತೇವೆ. ಲಗೇಜು ಸೇರಿ ನೂರು ಕಿಲೋ ತೂಗುವ ಸವಾರ ಐನೂರು ಮೀಟರ್ ಇಳಿದರೆ ಹುಟ್ಟುವ ಶಕ್ತಿಯಿಂದ ಲೆಕ್ಕಕ್ಕೆ ಒಂದು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಬಹುದು. ಘಾಟಿಯಲ್ಲಿ ಜೋರಾಗಿ ಬಿಡುವಂತಿಲ್ಲವಲ್ಲ, ಅದರ ಬಹುಪಾಲು ಬ್ರೇಕಿನ ನಾಲ್ಕು ರಬ್ಬರ್ ತುಂಡುಗಳಿಗೇ ಹೋಗಬೇಕು. ನಮ್ಮ ಬೆರಳುಗಳು ಬ್ರೇಕಿನ ಮೇಲೆ ಕೊಕ್ಕೆಯಾಗಿ ಸೆಟೆದವು. ಒಂದು ತಿರುವಿನಲ್ಲಿ ರಿಮ್ ಆರಲೆಂದು ನಿಂತೆವು. ಕಟ್ಟೆಯ ಮೇಲಿದ್ದ ಮಂಗಗಳು ಇದಕ್ಕೇ ಕಾದಿದ್ದವು. ಒಂದು ಬಂದು ಭಾವಮೈದನ ಚೀಲದಿಂದ ಎನರ್ಜಿ ಜೆಲ್ಲಿನ ಪೊಟ್ಟಣ ಎತ್ತಿತು, ಕಚ್ಚಿ ಹರಿದು ನೆಕ್ಕಿತು, ಮುಖ ಹಿಂಡಿ ಅವನ ಕಡೆಗೇ ಎಸೆದು ಹೋಯಿತು. “ಒಂದಕ್ಕೆ ನೂರಿಪ್ಪತ್ತು ರೂಪಾಯಿ ಭಾವ” ಎಂದು ಅವನು ನೊಂದುಕೊಂಡ. ದುಡ್ಡಿಗೋ, ಮಂಗನ ತೀರ್ಪಿಗೋ ತಿಳಿಯಲಿಲ್ಲ.

ಸೋಮೇಶ್ವರ ತಲುಪುವ ಹೊತ್ತಿಗೆ ಅವನ ಹಿಂದಿನ ಬ್ರೇಕಿನಲ್ಲಿ ರಬ್ಬರ್ ಉಳಿದಿರಲಿಲ್ಲ. ಮಲ್ಪೆಯ ಸಮುದ್ರದ ಯೋಚನೆ ಅಲ್ಲಿಗೇ ಬಿಟ್ಟೆವು. ಘಾಟಿಯಲ್ಲಿ ಓಡುವುದು ಮಿನಿ ಬಸ್ಸು. ಕಂಡಕ್ಟರ್ ಸೈಕಲ್ ನೋಡಿ, “ಇದನ್ನ ಹಾಕಿದ್ರೆ ಜನ ಇಳೀಬೇಕು, ಜನ ಇಳಿದ್ರೆ ನಾವ್ಯಾಕೆ ಹೋಗ್ಬೇಕು?” ಎಂದು ಸೀಟಿ ಊದಿದ. ತರ್ಕ ಒಪ್ಪುವಂಥದ್ದೇ. ಕೊನೆಗೆ ದೇವರ ಹಾಗೆ ಅಂತಲೇ ಬರೆಯಬೇಕು, ಮಲೆನಾಡಿಗೆ ಮೀನು ಒಯ್ಯುವ ಗಾಡಿಯೊಂದು ನಿಂತಿತು. “ಹತ್ತಿ ಮಾರಾಯ್ರೆ, ಹಿಂದೆ ಜಾಗ ಉಂಟು.”

ಬಂಗುಡೆ, ಬೂತಾಯಿಗಳ ಪೆಟ್ಟಿಗೆಯ ಮೇಲೆ ಸೈಕಲ್ ಮಲಗಿಸಿ, ಪಕ್ಕದಲ್ಲಿ ನಾವು ಕೂತು, ಘಾಟಿ ಹತ್ತಿದೆವು. ಪ್ರತಿ ತಿರುವಿಗೂ ಪೆಟ್ಟಿಗೆಯ ಮಂಜುಗಡ್ಡೆಯ ನೀರು ಒಮ್ಮೆ ಅವನ ಮೇಲೆ, ಒಮ್ಮೆ ನನ್ನ ಮೇಲೆ. ಕರವಸ್ತ್ರದ ಕೆಳಗಿನ ಯಂತ್ರ ಚಾಲೂ ಇದ್ದದ್ದು ಯಾರಿಗೂ ನೆನಪಿರಲಿಲ್ಲ. ಆಗುಂಬೆ ದಾಟಿ ಸಿಗ್ನಲ್ ಸಿಕ್ಕ ಕೂಡಲೇ ಭಾವಮೈದನ ಫೋನು ಟಣ್ ಟಣ್ ಬಡಿದುಕೊಳ್ಳತೊಡಗಿತು. ಆಗುಂಬೆ ಘಾಟಿಯನ್ನು ಈ ವೇಗದಲ್ಲಿ ಹತ್ತಿದ ಗೆಳೆಯನಿಗೆ ಬೆಂಗಳೂರಿನ ಸೈಕಲ್ ಬಳಗದ ಅಭಿನಂದನೆ. ಒಬ್ಬ ತರಬೇತಿಯ ಗುಟ್ಟು ಕೇಳಿದ್ದ. ಭಾವಮೈದ ಕ್ಷಣ ಯೋಚಿಸಿ, ‘ಆಹಾರದಲ್ಲಿ ಒಮೆಗಾ ತ್ರೀ’ ಎಂದು ಉತ್ತರ ಬರೆದ.

ಚಿಕ್ಕಮ್ಮನ ಮನೆಯಲ್ಲಿ ವಾರಕ್ಕೆರಡು ದಿನ ಈರುಳ್ಳಿಯೂ ನಿಷಿದ್ಧ. ಗೇಟಿನ ಹೊರಗೇ ವಾಸನೆ ಹಿಡಿದ ಅವರು ಅಂಗಳದ ತುದಿಗೆ ಬಂದು ಕೈ ಅಡ್ಡ ಮಾಡಿದರು.

“ಅಲ್ಲೇ ನಿಲ್ಲಿ! ಎಲ್ಲಿಗೆ ಹೋಗಿದ್ರಿ ನೀವಿಬ್ರು?”

“ಸೈಕಲ್ ಹೊಡಿಯಕ್ಕೆ ಚಿಕ್ಕಮ್ಮ.”

“ಸುಳ್ಳು ಹೇಳ್ಬೇಡ” ಎಂದರು ಚಿಕ್ಕಮ್ಮ. ಮನೆಯ ಬೆಕ್ಕು ಆಗಲೇ ಹಾರಿ ಭಾವಮೈದನ ಸೈಕಲ್ ಸೀಟಿನ ಮೇಲೆ ಕೂತು, ಅದನ್ನು ನೆಕ್ಕಲು ಶುರು ಮಾಡಿತ್ತು.